ಮೂರು ತಲೆ ಕಡಿಮೆ

ಹುಬ್ಬಳ್ಳಿಯಿಂದ ಬೆಳಿಗ್ಗೆ ಆರೂಕಾಲಿಗೆ ಹೊರಡಬೇಕಿದ್ದ ಕಾರವಾರದ ಬಸ್ಸು ಆರು ಗಂಟೆ ಮೂವತ್ತೆಂಟು ನಿಮಿಷಕ್ಕೆ ಹೊರಟಿತು. ಯಾರ ಮೇಲೂ ದೂರು ಹೇಳುವುದಕ್ಕೆ ಈ ನಿಮಿಷಗಳನ್ನು ಬರೆಯುತ್ತಿಲ್ಲ. ಮೂವತ್ತನಾಲ್ಕು ವರ್ಷ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವನ ಚಟ ಇದು. ನಿವೃತ್ತಿಯಾದ ಮೇಲೆ ಮನೆಯವರ ಪ್ರಾಣ ತಿನ್ನುತ್ತಿದೆ. ಹಿರಿಯ ನಾಗರಿಕರ ರಿಯಾಯಿತಿ ಕಳೆದು ಟಿಕೆಟ್ಟು ಇನ್ನೂರರ ಒಳಗೇ ಬಂತು. ಪಕ್ಕದ ಸೀಟಿನ ಹೆಂಗಸು ತನ್ನ ಪುಕ್ಕಟೆ ಟಿಕೆಟ್ಟನ್ನು ಮಡಚಿ ಪರ್ಸಿಗೆ ಹಾಕುತ್ತಾ ನನ್ನತ್ತ ಕನಿಕರದಿಂದ ನೋಡಿದಳು.

ನಾನು ಹೊರಟದ್ದು ಸಮುದ್ರ ನೋಡುವುದಕ್ಕಲ್ಲ. ನನ್ನ ಜೊತೆ ಕೆಲಸ ಮಾಡಿದ ಡ್ರೈವರ್ ಒಬ್ಬರ ಮಗಳು ಶೈಲಜಾ ಕಾರವಾರದಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದಾಳೆ. ಅಂಕೋಲೆಯ ಕಡೆ ಗಂಗಾವಳಿ ನದಿಯ ದಂಡೆಯಲ್ಲಿ ಒಂದು ಕೇರಿ. ಮುಂದೆ ನದಿ, ಬೆನ್ನಿಗೆ ಗುಡ್ಡ. ಆ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ. ಈ ಮಳೆಗಾಲದಲ್ಲಿ ಸೈರನ್ ಕೂಗಿದರೆ ಅರ್ಧ ಗಂಟೆಯೊಳಗೆ ಕೇರಿ ಖಾಲಿಯಾಗಬೇಕು, ಒಬ್ಬರೂ ಹಿಂದೆ ಉಳಿಯಬಾರದು. ಅದಕ್ಕಾಗಿ ಏಳೆಂಟು ಇಲಾಖೆ, ಸಂಘ, ಸಂಸ್ಥೆಗಳು ಸೇರಿ ಒಂದು ಅಣಕು ತೆರವು ಕಾರ್ಯಾಚರಣೆ ಇಟ್ಟುಕೊಂಡಿದ್ದವು. ಯಾರೂ ಉಳಿದಿಲ್ಲವೆಂದು ಕೊನೆಗೆ ಸಹಿ ಹಾಕುವವನು ಯಾವ ಇಲಾಖೆಗೂ ಸೇರಿದವನಾಗಿರಬಾರದು ಎಂದು ಅವಳೇ ಹಟ ಹಿಡಿದು ನನ್ನನ್ನು ಕರೆಸಿದ್ದಳು. ನನ್ನ ಸಹಿ ಬಿದ್ದರೆ ಆ ಯೋಜನೆಯೇ ಮಳೆಗಾಲಕ್ಕೆಲ್ಲ ಕಾಯಂ. ಕೇರಿಯ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಜನಕ್ಕೆ ಮುಜುಗರವಾಗುವುದು ನನಗೆ ಬೇಡ.

ಯಲ್ಲಾಪುರದಲ್ಲಿ ಚಹಾ ಕುಡಿದು ಅರಬೈಲು ಘಟ್ಟ ಇಳಿಯುವ ಹೊತ್ತಿಗೆ ಸೆಕೆ ಮೈಗೆ ಅಂಟಿಕೊಂಡಿತು. ಮೇ ತಿಂಗಳ ಕೊನೆ. ಆಕಾಶ ಮುಚ್ಚಿಕೊಂಡಿತ್ತು, ಆದರೆ ಹನಿ ಬೀಳುತ್ತಿರಲಿಲ್ಲ, ಎಲೆ ಅಲ್ಲಾಡುತ್ತಿರಲಿಲ್ಲ. ಅಂಕೋಲೆ ದಾಟಿ ಕಾರವಾರದ ಹೆದ್ದಾರಿ ಹಿಡಿದ ಮೇಲೆ ಒಂದು ಸಂಗತಿ ಗಮನಿಸಿದೆ. ಗುಡ್ಡ ಕಡಿದು ರಸ್ತೆ ಮಾಡಿದ ಜಾಗ ಬಂದಾಗಲೆಲ್ಲ ಬಸ್ಸಿನೊಳಗೆ ಮಾತು ನಿಲ್ಲುತ್ತಿತ್ತು. ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದವನೂ ಸುಮ್ಮನಾಗಿ, ಕಿಟಕಿಯಿಂದ ಮೇಲೆ ನೋಡಿ, ಗುಡ್ಡ ಹಿಂದಾದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದ. ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಜನ ಹೋದ ಮೇಲೆ ಹೀಗಾಗಿದೆ ಎಂದು ಪಕ್ಕದ ಹೆಂಗಸು ಹೇಳಿದಳು. ಹಾಗೆ ಸುಮ್ಮನಾಗಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲವಂತೆ.

ಕಾರವಾರದಲ್ಲಿ ಮಧ್ಯಾಹ್ನ ಮೂರಕ್ಕೆ ಸಭೆ. ದೊಡ್ಡ ಮೇಜು, ಮೇಜಿನ ಮೇಲೆ ಕೇರಿಯ ನಕ್ಷೆ, ಸುತ್ತ ಕಂದಾಯದವರು, ಅಗ್ನಿಶಾಮಕದವರು, ಪೊಲೀಸರು, ಆರೋಗ್ಯದವರು, ವಿದ್ಯುತ್ತಿನವರು, ಮೀನುಗಾರರ ಸಂಘದವರು, ದೇವಸ್ಥಾನ ಸಮಿತಿಯವರು. ಪ್ರತಿಯೊಬ್ಬರ ಕೈಯಲ್ಲೂ ತಮ್ಮದೇ ಒಂದು ಪಟ್ಟಿ, ತಮ್ಮದೇ ಒಂದು ವಾಟ್ಸಾಪ್ ಗುಂಪು. ಸೈರನ್ ಯಾರು ಒತ್ತಬೇಕೆಂಬುದಕ್ಕೆ ಮುಕ್ಕಾಲು ಗಂಟೆ ಹೋಯಿತು. ನನಗೆ ಒಳಗೊಳಗೇ ನಗು. ರೈಲ್ವೆಯಲ್ಲಿ ಹಸಿರು ಬಾವುಟ ಯಾರು ಹಿಡಿಯಬೇಕೆಂದು ಇದಕ್ಕಿಂತ ದೊಡ್ಡ ಜಗಳಗಳನ್ನು ನೋಡಿದ್ದೇನೆ. ಆದರೂ ಕೆಲಸ ಆಗುತ್ತಿತ್ತು. ಒಬ್ಬರ ಪಟ್ಟಿಯಲ್ಲಿ ಬಿಟ್ಟುಹೋದ ಮನೆಯನ್ನು ಇನ್ನೊಬ್ಬರು ಸೇರಿಸುತ್ತಿದ್ದರು.

ಜನ ಎಲ್ಲಿ ಸೇರಬೇಕೆಂಬ ಪ್ರಶ್ನೆ ಮಾತ್ರ ಎರಡೇ ನಿಮಿಷದಲ್ಲಿ ಮುಗಿಯಿತು. ಕೇರಿಯಿಂದ ಅರ್ಧ ಕಿಲೋಮೀಟರ್ ದೂರದ ದಿಬ್ಬದ ಮೇಲೆ ದೇವಸ್ಥಾನ. ಅದರ ಸಭಾಭವನಕ್ಕೆ ಗಟ್ಟಿ ಛಾವಣಿ, ಅಡುಗೆಮನೆ, ಬಾವಿ, ಜನರೇಟರ್ ಎಲ್ಲ ಇದೆ. ಎಲ್ಲರೂ ತಲೆಯಾಡಿಸಿದರು. ಕೇರಿಯಿಂದ ಬಂದಿದ್ದ ಒಬ್ಬನೇ ಮನುಷ್ಯ ಬೀರಣ್ಣ, ಪಂಚಾಯಿತಿ ಸದಸ್ಯ. ಅವನು ಏನೋ ಹೇಳಲು ಬಾಯಿ ತೆರೆದು, ಅಷ್ಟು ಜನ ಅಧಿಕಾರಿಗಳ ಮುಖ ನೋಡಿ, ಮತ್ತೆ ಮುಚ್ಚಿಕೊಂಡ. ಅದನ್ನು ನಾನು ಕಂಡೆ. ಕೇಳಬೇಕಿತ್ತು, ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬನ್ಸು ಭಾಜಿ ತಿಂದು ಶೈಲಜಾಳ ಸಂಸ್ಥೆಯ ಜೀಪಿನಲ್ಲಿ ಅಂಕೋಲೆಗೆ ಬಂದೆವು. ಪೇಟೆಯಲ್ಲಿ ಅವಳು ಜೀಪು ನಿಲ್ಲಿಸಿ ಒಂದು ಬುಟ್ಟಿ ಕರಿ ಈಶಾಡ ಮಾವಿನಹಣ್ಣು ಕೊಂಡಳು. ಮಳೆ ಬಿದ್ದ ಮೇಲೆ ಈ ಹಣ್ಣಿಗೆ ಹುಳ ಬೀಳುತ್ತದೆ, ಇದೇ ಕೊನೆಯ ವಾರ ಎಂದಳು. ಬೆಳಂಬಾರದ ಕಡೆಯಿಂದ ಸಣ್ಣ ರಸ್ತೆ ಹಿಡಿದು ಮಂಜಗುಣಿಯ ದಿಕ್ಕಿಗೆ ಹೊರಟಾಗ ಬಲಕ್ಕೆ ಆಗಾಗ ಸಮುದ್ರ ಕಾಣುತ್ತಿತ್ತು. ಅದು ಬೂದಿಬಣ್ಣಕ್ಕೆ ತಿರುಗಿ ಅಲೆಯೇ ಇಲ್ಲದೆ ಬಿದ್ದಿತ್ತು. ಮೀನುಗಾರಿಕೆ ನಿಲ್ಲುವ ದಿನ ಹತ್ತಿರವಾದ್ದರಿಂದ ದೋಣಿಗಳನ್ನು ಆಗಲೇ ದಂಡೆಗೆಳೆದು ತಾಡಪತ್ರಿ ಹೊದಿಸುತ್ತಿದ್ದರು.

ಹತ್ತೂವರೆಗೆ ಸೈರನ್ ಕೂಗಿತು. ಕೇರಿಯ ಜನ ಒಬ್ಬೊಬ್ಬರಾಗಿ ಹೊರಬಂದರು. ಓಡಲಿಲ್ಲ, ಕೂಗಲಿಲ್ಲ. ಹೇಳಿಕೊಟ್ಟಂತೆ ಒಂದು ಚೀಲ, ಒಂದು ನೀರಿನ ಬಾಟಲಿ, ಕಾಗದಪತ್ರದ ಪ್ಲಾಸ್ಟಿಕ್ ಕವರು ಹಿಡಿದು ಸಾಲಾಗಿ ದಿಬ್ಬ ಹತ್ತಿದರು. ನಡೆಯಲಾರದ ಇಬ್ಬರನ್ನು ಅಗ್ನಿಶಾಮಕದವರು ಸ್ಟ್ರೆಚರಿನಲ್ಲಿ ತಂದರು. ಎಲ್ಲವೂ ಎಷ್ಟು ಸದ್ದಿಲ್ಲದೆ ನಡೆಯಿತೆಂದರೆ ಚಪ್ಪಲಿಗಳ ಸಪ್ಪಳ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ನನಗದು ಅಷ್ಟು ಹಿಡಿಸಲಿಲ್ಲ. ಹಬ್ಬಕ್ಕೆ ಹೋಗುವವರು ಮಾತಾಡುತ್ತಾರೆ, ಹೆದರಿದವರೂ ಮಾತಾಡುತ್ತಾರೆ, ಇವರು ಮಾತಾಡಲಿಲ್ಲ.

ಸಭಾಭವನದಲ್ಲಿ ನಾನು ಹೆಸರು ಕರೆದೆ. ಪಟ್ಟಿ ಮನೆವಾರು ಇತ್ತು. ಒಂದೊಂದು ಮನೆಯವರ ಹೆಸರು ಬಂದಾಗ ಒಬ್ಬರೇ ಕೈ ಎತ್ತಿ ಎಲ್ಲರ ಪರವಾಗಿ 'ಓ' ಎನ್ನುತ್ತಿದ್ದರು, ನಾನು ಟಿಕ್ ಹಾಕುತ್ತಿದ್ದೆ. ಕೊನೆಯ ಮನೆಯಲ್ಲಿ ಮೂರು ಹೆಸರು: ಹಮ್ಮಣ್ಣ, ಮಾದೇವಿ, ಸಣ್ಣಮ್ಮ. ಹಮ್ಮಣ್ಣ ಎಂದು ಕರೆದೆ. ಕಂಬದ ಪಕ್ಕ ನಿಂತಿದ್ದ ಒಬ್ಬ ಹೆಂಗಸು ಗರ್ಭಗುಡಿಯ ಕಡೆ ಒಮ್ಮೆ ನೋಡಿ ಬೇಗನೆ 'ಓ' ಎಂದಳು. ಉಳಿದೆರಡು ಹೆಸರಿಗೂ ಅವಳೇ 'ಓ' ಎಂದಳು. ಅವಳ ಹೆಸರು ತುಳಸಕ್ಕ ಎಂದು ಆಮೇಲೆ ಗೊತ್ತಾಯಿತು. ಪಟ್ಟಿ ಪೂರ್ತಿಯಾಯಿತು, ಯಾರೋ ಚಪ್ಪಾಳೆ ತಟ್ಟಿದರು.

ಹೆಸರಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ರೈಲಿನಲ್ಲಿ ಕೊನೆಯ ಡಬ್ಬಿಯನ್ನು ಕಣ್ಣಿಂದ ನೋಡದೆ ಗಾಡಿ ಪೂರ್ತಿ ಬಂದಿದೆ ಎಂದು ಯಾರೂ ಬರೆಯುವುದಿಲ್ಲ. ಆದ್ದರಿಂದ ತಲೆ ಎಣಿಸಿದೆ. ಅಂಗಳದ ಹೊರಗೆ ಮರದ ಕೆಳಗೆ ನಾಲ್ಕು ಜನ ಹೆಂಗಸರು ಕುಳಿತಿದ್ದರು, ಅವರನ್ನೂ ಸೇರಿಸಿದೆ. ಮೂರು ಕಡಿಮೆ ಬಂತು. ಮತ್ತೆ ಎಣಿಸಿದೆ, ಮತ್ತೆ ಮೂರು ಕಡಿಮೆ. ಅಷ್ಟರಲ್ಲಿ ಅಡುಗೆಮನೆಯಿಂದ ಸಾರಿನ ವಾಸನೆ ಬರುತ್ತಿತ್ತು, ಅಧಿಕಾರಿಯೊಬ್ಬರು ಗಡಿಯಾರ ನೋಡುತ್ತಿದ್ದರು. ಮಕ್ಕಳು ಕಂಬ ಸುತ್ತಿ ಓಡಾಡುವಾಗ ತಪ್ಪಿರಬೇಕು, ನನ್ನ ಕಣ್ಣಿಗೂ ವಯಸ್ಸಾಯಿತು ಎಂದುಕೊಂಡು ಸಹಿ ಹಾಕಿದೆ. ಅದನ್ನು ಆ ಕ್ಷಣವೇ ಫೋಟೋ ತೆಗೆದು ಎಲ್ಲ ಗುಂಪುಗಳಿಗೂ ಕಳಿಸಿದರು. ಕಾರವಾರದಿಂದ ಹೆಬ್ಬೆರಳುಗಳು ಬರತೊಡಗಿದವು.

ಸಹಿ ಹಾಕಿದ ನಮೂನೆಯ ಕೊನೆಯ ಪುಟ ಇನ್ನೂ ಬಾಕಿಯಿತ್ತು. ಖಾಲಿಯಾದ ಕೇರಿಯಲ್ಲಿ ವೀಕ್ಷಕ, ಎಂದರೆ ನಾನು, ಒಂದು ಸುತ್ತು ಬಂದು, ಗ್ಯಾಸು, ಒಲೆ, ದೀಪ ಆರಿಸಿದ್ದಾರೆಯೇ ನೋಡಿ ಬರೆಯಬೇಕು. ಬೀರಣ್ಣನನ್ನು ಜೊತೆಗೆ ಕರೆದೆ. ಬಡಿಸುವ ಕೆಲಸವಿದೆ ಎಂದು ಅವನು ನನ್ನ ಮುಖ ನೋಡದೆ ಹೇಳಿದ. ಒಬ್ಬನೇ ಇಳಿದೆ.

ಜನರಿಲ್ಲದ ಮನೆಗಳನ್ನು ನೋಡಿದ್ದೇನೆ; ಆದರೆ ಗಂಟೆಯ ಹಿಂದಷ್ಟೇ ಜನ ಬಿಟ್ಟುಹೋದ ಕೇರಿ ಬೇರೆಯೇ. ಬಾಗಿಲುಗಳು ತೆರೆದಿದ್ದವು. ಒಂದು ಬಾವಿಕಟ್ಟೆಯ ಮೇಲೆ ಅರ್ಧ ತುಂಬಿದ ಕೊಡ, ಅದರ ನೀರು ಇನ್ನೂ ತುಳುಕುತ್ತಿದೆಯೇನೋ ಎಂದು ನನಗನ್ನಿಸಿ ನಿಂತು ನೋಡಿದೆ. ಒಂದು ಮನೆಯಲ್ಲಿ ಫೋನು ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು. ಇನ್ನೊಂದರಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಒಳಗೆ ಹೋಗಿ ಆರಿಸಿದೆ. ಚಾಪೆಯ ಮೇಲೆ ಹರಡಿದ್ದ ಒಣಮೀನಿಗೆ ಕಾಗೆಗಳು ಬಂದಿದ್ದವು, ನನ್ನನ್ನು ಕಂಡು ಅವು ಏಳಲಿಲ್ಲ. ಯಾರೂ ಇಲ್ಲವೆಂದು ಬರೆದುಕೊಳ್ಳುತ್ತಾ ಪ್ರತಿ ಮನೆಯ ಹೊಸ್ತಿಲಲ್ಲಿ 'ಯಾರಿದ್ದೀರಿ' ಎಂದು ಯಾಕೆ ಕೇಳುತ್ತಿದ್ದೆನೋ ಗೊತ್ತಿಲ್ಲ.

ಕೊನೆಯ ಮನೆ ಗುಡ್ಡದ ಬುಡಕ್ಕೇ ಅಂಟಿಕೊಂಡಿತ್ತು. ಅದರ ಹಿತ್ತಿಲಲ್ಲಿ ನಿಂತಾಗ ಒಂದು ಸದ್ದು ಕೇಳಿದೆ. ಮಣ್ಣಿನೊಳಗೆ ಎಲ್ಲೋ ಸಣ್ಣ ಕಲ್ಲುಗಳು ಉರುಳಿ ನಿಲ್ಲುವ ಸದ್ದು, ಆಮೇಲೆ ಏನೂ ಇಲ್ಲ. ಗುಡ್ಡದ ಕಡೆ ನೋಡಿದರೆ ಒಂದು ಗಿಡವೂ ಅಲುಗುತ್ತಿರಲಿಲ್ಲ. ಬೇಗ ಮುಗಿಸಿ ಹೋಗೋಣವೆಂದು ಮುಂಬಾಗಿಲಿಗೆ ಬಂದೆ.

ಮೋಡದ ಹಗಲು, ಕಿಟಕಿ ಮುಚ್ಚಿದ ಮನೆ. ಒಳಗೆ ಏನೂ ಕಾಣದಷ್ಟು ಮಬ್ಬು. ನಡುಮನೆಯ ನೆಲದ ಮೇಲೆ ಒಂದು ಎಣ್ಣೆದೀಪ ಉರಿಯುತ್ತಿತ್ತು. ಅದರ ಮುಂದೆ ಒಂದು ಲೋಟ ನೀರು. ಗೂಟಕ್ಕೆ ಗಂಡಸಿನ ಅಂಗಿ ನೇತುಹಾಕಿತ್ತು, ಕೆಳಗೆ ಜೋಡಿಸಿಟ್ಟ ಚಪ್ಪಲಿ. ಮನೆ ಬಿಟ್ಟು ಹೋಗುವಾಗ ದೀಪ ಹಾಗೇ ಬಿಟ್ಟಿದ್ದಾರಲ್ಲ ಎಂದು ನನಗೆ ಸಿಟ್ಟು ಬಂತು. ನಮೂನೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಮಂಡಿಯೂರಿ, ಊದಿ ಆರಿಸಲು ಬಗ್ಗಿದೆ.

"ಊದ್ಬೇಡ."

ಸದ್ದು ನನ್ನ ಎಡಗಡೆಯ ಕತ್ತಲೆಯಿಂದ ಬಂತು. ನಾನು ಹಿಂದಕ್ಕೆ ಕುಸಿದು ಕುಳಿತುಬಿಟ್ಟೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗೋಡೆಗೆ ಒರಗಿ ಕುಳಿತ ಇಬ್ಬರು ಹೆಂಗಸರು ಕಂಡರು. ಒಬ್ಬಳು ಮುದುಕಿ, ಒಬ್ಬಳಿಗೆ ನಲವತ್ತರ ವಯಸ್ಸು. ನಾನು ಬಂದಾಗಿನಿಂದ ಅವರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

ನಾನು ಯಾರೆಂದು ಹೇಳಿದೆ. ಚಿಕ್ಕವಳು ತಾನು ಮಾದೇವಿ, ಈಕೆ ತನ್ನ ಅತ್ತೆ ಸಣ್ಣಮ್ಮ ಎಂದಳು. ಮಾದೇವಿಯ ಗಂಡ ಹಮ್ಮಣ್ಣ ಎದೆನೋವು ಬಂದು ತೀರಿಕೊಂಡು ಅಂದಿಗೆ ಹತ್ತು ದಿನ ಎಂದು ಹೇಳಿದವಳು ಸಣ್ಣಮ್ಮ. ಪಟ್ಟಿ ಅದಕ್ಕೂ ಮೊದಲೇ ತಯಾರಾಗಿತ್ತು. ಸೈರನ್ ಕೇಳಿಸಲಿಲ್ಲವೇ ಎಂದು ಮಾದೇವಿಯನ್ನು ಕೇಳಿದೆ.

"ಕೇಳ್ಸ್ತು ಸರ್. ಸೂತಕದವ್ರು ದೇವಸ್ಥಾನದ ಅಂಗಳಕ್ಕೆ ಬರುಕೆ ಆಗುದಿಲ್ಲ. ದೀಪ ಒಂದೇ ಬಿಟ್ಟೂ ಹೋಗುಕೆ ಆಗುದಿಲ್ಲ. ಹನ್ನೆರಡು ದಿನ ಆಗೂ ತನಕ ಅವ್ರು ಮನೆ ಹುಡ್ಕಂಡ್ ಬತ್ತಾ ಇರ್ತ್ರು. ಕತ್ಲೆ ಇದ್ರೆ ಎಲ್ಲಿಗ್ ಬರೂದು?"

ತಾವು ಬರುವುದಿಲ್ಲವೆಂದು ಕೇರಿಗೆಲ್ಲ ಗೊತ್ತಿತ್ತು ಎಂದಳು. ಯಾರೂ ಹೇಳಬೇಕಿರಲಿಲ್ಲ, ಯಾರೂ ಕೇಳಲೂ ಇಲ್ಲ. ಹೊರಗಿನವರ ಮುಂದೆ ಕೇರಿಯ ಲೆಕ್ಕ ತಪ್ಪಬಾರದು, ದೇವರ ಎದುರಿಗೆ ಸೂತಕದ ಮಾತು ಬಾಯಲ್ಲಿ ಬರಬಾರದು ಎಂದು ಪಕ್ಕದ ಮನೆಯ ತುಳಸಕ್ಕ ತಾನೇ ಓಗೊಡುತ್ತೇನೆಂದು ಹೇಳಿ ಹೋಗಿದ್ದಳು. ಮಾದೇವಿ ಸ್ವಲ್ಪ ಹೊತ್ತು ದೀಪ ನೋಡಿದಳು. ಆಮೇಲೆ, ಅವರ ಹೆಸರನ್ನೂ ಕರೆದಿರಾ ಎಂದು ಕೇಳಿದಳು. ಕರೆದೆ ಎಂದೆ.

"ಓ ಅಂದ್ರಾ?"

ಅಂದರು ಎಂದೆ. ಬೇರೆ ಏನು ಹೇಳಲಿ? ಅವಳು ತಲೆಯಾಡಿಸಿದಳು. ಗೋಡೆಯ ಆಚೆ ಮತ್ತೆ ಅದೇ ಸದ್ದಾಯಿತು, ಈ ಸಲ ಇನ್ನೂ ಹತ್ತಿರದಲ್ಲಿ. ಮೂರು ದಿನದಿಂದ ಗುಡ್ಡ ಹೀಗೇ ಗೊಣಗುತ್ತಿದೆ ಎಂದು ಸಣ್ಣಮ್ಮ ಮೆಲ್ಲಗೆ ಹೇಳಿದಳು, ಮನೆಯೊಳಗಿನ ಇನ್ನೊಬ್ಬರ ವಿಷಯ ಹೇಳುವ ಹಾಗೆ.

ದಿಬ್ಬ ಹತ್ತುವಾಗ ನನಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು. ಮೂರು ತಲೆ ಕಡಿಮೆ ಎಂದು ಎರಡು ಸಲ ಗೊತ್ತಾಗಿಯೂ ಸಹಿ ಹಾಕಿದ್ದೆ. ಇಬ್ಬರು ಬದುಕಿದ್ದವರನ್ನು ಗುಡ್ಡದ ಬುಡದಲ್ಲಿ ಬಿಟ್ಟು, ಸತ್ತವನೊಬ್ಬನನ್ನು ಸುರಕ್ಷಿತವಾಗಿ ತಲುಪಿದ್ದಾನೆ ಎಂದು ಬರೆದಿದ್ದೆ. ಅಣಕು ಎಂಬುದು ನನಗೆ ಸಮಾಧಾನ ಕೊಡಲಿಲ್ಲ. ಮಳೆಗಾಲದಲ್ಲೂ ಸಾವು ನಿಲ್ಲುವುದಿಲ್ಲ, ಯಾವುದೋ ಮನೆಯಲ್ಲಿ ಸೂತಕ ಇದ್ದೇ ಇರುತ್ತದೆ. ಆ ಸಹಿ ವಾಪಸು ಬೇಕೆಂದು ಶೈಲಜಾಳಿಗೆ ಹೇಳಿದೆ. ಅವಳು ಎರಡು ಮಾತು ಕೇಳಿ, ಉಣ್ಣುತ್ತಿದ್ದ ಎಲೆಯಿಂದ ಎದ್ದಳು.

ಅಂಗಳದ ಹೊರಗೆ ನಿಂತೇ ಎಲ್ಲರೂ ಸೇರಿದರು. ಮೊದಲ ಹತ್ತು ನಿಮಿಷ ಹಿತವಾಗಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಎಲ್ಲರೂ ಬಂದಿದ್ದಾರೆ ಎಂದು ಒಬ್ಬರು, ನಮಗೆ ಹೇಳಿದವರನ್ನೆಲ್ಲ ಎತ್ತಿ ತಂದಿದ್ದೇವೆ ಎಂದು ಇನ್ನೊಬ್ಬರು. ಸಾವಿನ ಸುದ್ದಿ ಆರೋಗ್ಯದವರಿಗೆ ಗೊತ್ತಿತ್ತು, ಆದರೆ ಅದು ಅವರ ಪಟ್ಟಿಯಲ್ಲೇ ಉಳಿದಿತ್ತು. ಸಂಸ್ಕಾರಕ್ಕೆ ಸೌದೆ ಕೊಟ್ಟಿದ್ದು ಮೀನುಗಾರರ ಸಂಘ. ದೇವಸ್ಥಾನದವರಿಗಂತೂ ಸೂತಕದ ಮನೆ ಯಾವುದೆಂದು ಬೆರಳತುದಿಯಲ್ಲಿತ್ತು. ಹೀಗೆ ಎಲ್ಲರಿಗೂ ಗೊತ್ತಿದ್ದದ್ದು ಮೇಜಿನ ಮೇಲೆ ಮಾತ್ರ ಬಂದಿರಲಿಲ್ಲ. ಬೀರಣ್ಣ ತಲೆ ತಗ್ಗಿಸಿ ನಿಂತಿದ್ದ.

"ನಾ ಕಾರವಾರದಲ್ಲೇ ಹೇಳ್ಬೇಕಿತ್ತು ಸರ್. ದೊಡ್ಡೋರ ಸಭೆಲಿ ಇದನ್ನೆಲ್ಲ ಎಂತ ಹೇಳೂದು ಅಂತ ಸುಮ್ನಾದೆ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಅವನು ಬಾಯಿ ಮುಚ್ಚಿಕೊಂಡದ್ದನ್ನು ಕಂಡೂ ಸುಮ್ಮನಿದ್ದವನು ನಾನು. ಆಗಲೇ ಶೈಲಜಾ ಮರದ ಕೆಳಗಿನ ನಾಲ್ಕು ಹೆಂಗಸರನ್ನು ತೋರಿಸಿ, ಇವರು ಒಳಗೆ ಯಾಕೆ ಬಂದಿಲ್ಲ ಗೊತ್ತೇ ಎಂದು ಗಂಡಸರನ್ನೆಲ್ಲ ಕೇಳಿದಳು. ಉತ್ತರವನ್ನೂ ಅವಳೇ ಹೇಳಿದಳು. ಒಬ್ಬಳು ಬಾಣಂತಿ, ಉಳಿದವರು ಮುಟ್ಟಾದವರು. ಧೋ ಎಂದು ಸುರಿಯುವ ಮಳೆಯಲ್ಲೂ ಅವರು ಆ ಮರದ ಕೆಳಗೇ ಇರಬೇಕಾಗುತ್ತಿತ್ತು. ನಾನು ಅವರನ್ನು ಎಣಿಸಿದ್ದೆ ಅಷ್ಟೆ.

ದೇವಸ್ಥಾನ ಸಮಿತಿಯ ಹಿರಿಯರೇ ದಾರಿ ತೋರಿಸಿದರು. ದಿಬ್ಬದ ಇನ್ನೊಂದು ಮಗ್ಗುಲಲ್ಲಿ ಸರ್ಕಾರಿ ಶಾಲೆಯಿದೆ; ಎಲ್ಲರೂ ಅಲ್ಲಿಗೇ ಹೋಗಲಿ, ಅಡುಗೆ ನಮ್ಮಲ್ಲಿ ಮಾಡಿ ಅಲ್ಲಿಗೆ ಕಳಿಸುತ್ತೇವೆ ಎಂದರು. ಶಾಲೆಗೆ ಬರಬಾರದವರು ಯಾರೂ ಇಲ್ಲ. ವಿದ್ಯುತ್ತಿನವರು ಸಂಜೆಯೊಳಗೆ ಜನರೇಟರಿನ ತಂತಿ ಎಳೆಯಲು ಒಪ್ಪಿದರು. ಮರುದಿನ ಹತ್ತಕ್ಕೆ ಇನ್ನೊಂದು ಸಲ ಸೈರನ್ ಎಂದಾಯಿತು. ಗುಡ್ಡದ ಸದ್ದಿನ ವಿಷಯವನ್ನೂ ನಾನು ಹೇಳಿದೆ; ಬೀರಣ್ಣ ಅದರ ಮೇಲೆ ಕಣ್ಣಿಟ್ಟು, ಏನಾದರೂ ಕಂಡರೆ ಆ ಕ್ಷಣವೇ ಫೋನ್ ಮಾಡುತ್ತೇನೆಂದ. ನನ್ನ ಸಹಿಯ ಫೋಟೋ ಎಲ್ಲ ಗುಂಪುಗಳಿಂದ ಅಳಿಸಲಾಯಿತು. ಹೆಬ್ಬೆರಳು ಕಳಿಸಿದ್ದವರು ಏನಾಯಿತೆಂದು ಕೇಳುತ್ತಲೇ ಇದ್ದರು.

ದೀಪದ ಪ್ರಶ್ನೆ ಉಳಿಯಿತು. ಸಂಜೆ ಐದಕ್ಕೆ ಬೀರಣ್ಣ, ಶೈಲಜಾ, ನಾನು ಮೂವರೂ ಮಾದೇವಿಯ ಅಂಗಳದಲ್ಲಿ ನಿಂತೆವು. ಶಾಲೆಗಾದರೆ ಬರಬಹುದು, ಆದರೆ ದೀಪ ಬಿಟ್ಟು ಬರಲಾರೆ ಎಂದಳು ಅವಳು. ಅವಳ ದನಿಯಲ್ಲಿ ಹಟವಿರಲಿಲ್ಲ, ದಣಿವಿತ್ತು. ಗುಡ್ಡ ಬಿದ್ದರೆ ದೀಪವೂ ಉಳಿಯುವುದಿಲ್ಲವಲ್ಲ ಎಂದು ನಾನು ಬುದ್ಧಿವಂತಿಕೆಯ ಮಾತು ಹೇಳಿದೆ. ಆಗ ನಾವೂ ಉಳಿಯುವುದಿಲ್ಲ, ಹುಡುಕುವ ಪ್ರಶ್ನೆಯೇ ಇಲ್ಲ ಎಂದಳು. ಬೀರಣ್ಣ ದೋಣಿಯ ಕಂದೀಲಿನ ಮಾತು ತೆಗೆದ. ಆ ದೀಪದಿಂದಲೇ ಕಂದೀಲು ಹಚ್ಚಿಕೊಂಡು ಹೋದರೆ ಗಾಳಿಮಳೆಗೂ ಆರುವುದಿಲ್ಲ ಎಂದ. ಮಾದೇವಿ ಒಪ್ಪಲಿಲ್ಲ. ಅವರು ಬರುವುದು ಈ ಮನೆಗೆ, ಶಾಲೆಗಲ್ಲ ಎಂದಳು. ಅಷ್ಟು ಹೊತ್ತೂ ಸುಮ್ಮನಿದ್ದ ಸಣ್ಣಮ್ಮ ಒಳಗಿನಿಂದ ಮಾತಾಡಿದಳು.

"ಅಂವ ಹೊಳಿಗೆ ಹೋಗೂವಾಗ ಕಂದೀಲ ಹಿಡ್ಕಂಡೇ ಹೋಗ್ತಿದ್ದ. ನಾ ಈ ಬಾಗ್ಲಲ್ಲಿ ನಿಂತ್ಕಂಡ್ ಆ ಬೆಳಕ ನೋಡ್ತಿದ್ದೆ. ಈಗ ನಾವ್ ಹಿಡ್ಕಂಡ್ ಹೋಗ್ವ. ಅಂವ ನೋಡ್ಲಿ."

ಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಅಂಕೋಲೆಯ ಲಾಡ್ಜಿಗೆ ಬಂದು, ಅನ್ನ ಮತ್ತು ಮುರುಗಲ ಸಾರು ತರಿಸಿಕೊಂಡೆ. ರುಚಿ ಚೆನ್ನಾಗಿತ್ತು, ಆದರೆ ಅರ್ಧಕ್ಕೇ ಬಿಟ್ಟು ಎದ್ದೆ.

ಮೂರನೆಯ ದಿನ ಬೆಳಗಾಗುವಾಗ ಮಳೆ ಶುರುವಾಗಿತ್ತು. ನಾವು ಏಳೂವರೆಗೆ ದಿಬ್ಬ ತಲುಪಿದಾಗ ಎದುರಿನ ಗುಡ್ಡ ಅರ್ಧ ಕಾಣುತ್ತಿರಲಿಲ್ಲ. ಎಂಟಕ್ಕೆ ಬೀರಣ್ಣನ ಫೋನ್ ಬಂತು: ಮಾದೇವಿಯ ಹಿತ್ತಿಲಿನಲ್ಲಿ ಕೆಂಪು ನೀರು ಬರುತ್ತಿದೆ, ಗುಡ್ಡದೊಳಗಿನಿಂದ. ಸೈರನ್ನಿಗೆ ಹತ್ತು ಗಂಟೆ ಎಂದಿದ್ದುದನ್ನು ಯಾರೂ ನೆನಪಿಸಲಿಲ್ಲ. ಯಾರು ಒತ್ತಬೇಕೆಂದು ಮುಕ್ಕಾಲು ಗಂಟೆ ವಾದಿಸಿದ್ದವರಲ್ಲಿ ಹತ್ತಿರ ಇದ್ದವರು ಒತ್ತಿದರು. ಆ ಕೂಗು ಅಣಕೋ ನಿಜವೋ ಯಾರೂ ಹೇಳಲಿಲ್ಲ, ಕೇರಿಯವರೂ ಕೇಳಲಿಲ್ಲ. ನಿನ್ನೆಯ ಹಾಗೆಯೇ ಸಾಲಾಗಿ, ಸದ್ದಿಲ್ಲದೆ, ಈ ಸಲ ಗೋಣಿಕೊಪ್ಪೆ, ಪ್ಲಾಸ್ಟಿಕ್ ಹೊದ್ದುಕೊಂಡು ಮಳೆಯೊಳಗಿನಿಂದ ಬಂದರು. ಮುಖಗಳು ಕಾಣುತ್ತಿರಲಿಲ್ಲ. ನಾನು ಶಾಲೆಯ ಮೆಟ್ಟಿಲ ಮೇಲೆ ನಿಂತು ಒಂದೊಂದಾಗಿ ಎಣಿಸುತ್ತಿದ್ದೆ. ಬಾಣಂತಿ ಕೂಸನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ಸಾಲು ಮುಗಿಯಿತು. ಇಬ್ಬರು ಬಂದಿರಲಿಲ್ಲ. ನಾನು ದಾರಿಯನ್ನೇ ನೋಡುತ್ತಿದ್ದೆ. ನೀರು, ಅದರ ಹಿಂದೆ ಇನ್ನಷ್ಟು ನೀರು. ಅಗ್ನಿಶಾಮಕದವರಲ್ಲಿ ಇಬ್ಬರು ಹಗ್ಗ ಹೆಗಲಿಗೇರಿಸಿ ಕೆಳಗೆ ಇಳಿಯಲು ನಿಂತರು. ಆಗ ಮಳೆಯ ನಡುವೆ ಒಂದು ಹಳದಿ ಬೆಳಕು ಕಂಡಿತು. ನೆಲದಿಂದ ಸ್ವಲ್ಪ ಮೇಲೆ, ತಾನೇ ತಾನಾಗಿ ಬರುತ್ತಿದ್ದ ಹಾಗೆ. ಹಗ್ಗದವನು ಒಂದು ಹೆಜ್ಜೆ ಹಿಂದೆ ಸರಿದ. ಬೆಳಕು ತಿರುವು ದಾಟಿ ಹತ್ತಿರವಾದ ಮೇಲೆ ಕಂದೀಲು ಹಿಡಿದ ಮಾದೇವಿ, ಅವಳ ಭುಜ ಹಿಡಿದ ಸಣ್ಣಮ್ಮ ಕಂಡರು. ಅಷ್ಟು ದೂರದ ದಾರಿಯಲ್ಲಿ ಮಾದೇವಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂತಿರುಗಿ ನೋಡುತ್ತಿದ್ದಳಂತೆ. ಅದಕ್ಕೇ ತಡವಾಯಿತು ಎಂದು ಸಣ್ಣಮ್ಮ ಹೇಳಿದಳು.

ಹೆಸರು ಕರೆಯುವ ಮೊದಲು ಪಟ್ಟಿಯಲ್ಲಿ ಹಮ್ಮಣ್ಣನ ಹೆಸರಿಗೆ ಗೆರೆ ಎಳೆಯಲು ಪೆನ್ನು ತೆಗೆದೆ. ಮಾದೇವಿ ನೋಡುತ್ತಿದ್ದಳು. ಕಂದೀಲನ್ನು ಜಗುಲಿಯ ಮೇಲಿಟ್ಟು ನನ್ನ ಹತ್ತಿರ ಬಂದು,

"ಹೊಡಿಬೇಡಿ ಸರ್. ಒಂದ್ಸಲ ಕರೀರಿ. ನಾ ಹೇಳ್ತೆ," ಎಂದಳು.

ಕರೆಯುತ್ತಾ ಹೋದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಪ್ರತಿಯೊಬ್ಬರೂ ಈ ಸಲ ತಮಗೆ ತಾವೇ ಓಗೊಟ್ಟರು. ಕೊನೆಯ ಮನೆ ಬಂತು. ಹಮ್ಮಣ್ಣ ಎಂದೆ. ತುಳಸಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾದೇವಿ ಮಳೆಯ ಕಡೆ ನೋಡುತ್ತಾ ನಿಂತಿದ್ದಳು. ಎಷ್ಟು ಹೊತ್ತು ಎಂದು ಬರೆಯಲಾರೆ. ನನ್ನ ಜೀವನದಲ್ಲಿ ಗಡಿಯಾರ ನೋಡದ ಕೆಲವೇ ಹೊತ್ತುಗಳಲ್ಲಿ ಅದೊಂದು. ನನ್ನ ನಮೂನೆಯಲ್ಲಿ ಎರಡೇ ಅಂಕಣ: ಹಾಜರು, ಗೈರು. ಗೈರು ಎಂದರೆ ಹುಡುಕಲು ಜನ ಇಳಿಯಬೇಕು. ಹಗ್ಗದವನು ನನ್ನ ಮುಖ ನೋಡಿ, ಇಳಿಯಬೇಕೇ ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು ಮಾದೇವಿ. "ಅವ್ರು ಇಲ್ಲ. ಹುಡ್ಕುದ್ ಬೇಡ."

ಹತ್ತು ದಿನ ಅವಳು ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ ಎಂದು ತುಳಸಕ್ಕ ಆಮೇಲೆ ಹೇಳಿದಳು. ನಾನು ಗೆರೆ ಎಳೆದೆ. ಮಾದೇವಿ ಎಂದೆ, ಅವಳು 'ಓ' ಎಂದಳು. ಸಣ್ಣಮ್ಮ ಎಂದೆ, ಮುದುಕಿ 'ಓ' ಎಂದಳು. ಮತ್ತೆ ತಲೆ ಎಣಿಸಿದೆ. ಸರಿಯಾಗಿತ್ತು. ಸಹಿ ಹಾಕುವಾಗ ಕಾಗದ ಒದ್ದೆಯಾಗಿ ಶಾಯಿ ಸ್ವಲ್ಪ ಹರಡಿತು.

ಮಧ್ಯಾಹ್ನ ಒಂದಕ್ಕೆ ಜೀಪು ನನ್ನನ್ನು ಅಂಕೋಲೆಗೆ ಬಿಡಲು ಹೊರಟಿತು. ಅಷ್ಟು ಹೊತ್ತಿಗೆ ದೇವಸ್ಥಾನದಿಂದ ಅನ್ನ, ಸಾರಿನ ಪಾತ್ರೆಗಳು ಶಾಲೆಗೆ ಬಂದಿದ್ದವು, ಅಧಿಕಾರಿಗಳು ಬಡಿಸುತ್ತಿದ್ದರು. ಮಳೆ ನಿಲ್ಲುವವರೆಗೆ ಯಾರೂ ಕೇರಿಗೆ ಇಳಿಯಬಾರದೆಂದು ತೀರ್ಮಾನವಾಗಿತ್ತು. ಹನ್ನೆರಡನೆಯ ದಿನದ ಕಾರ್ಯವನ್ನೂ ಶಾಲೆಯ ಹಿಂಭಾಗದಲ್ಲೇ ಮಾಡಲು ಒಪ್ಪಿದ್ದರು. ಮಾದೇವಿ ಜಗುಲಿಯ ತುದಿಯಲ್ಲಿ ತಟ್ಟೆ ಹಿಡಿದು ಕುಳಿತಿದ್ದಳು, ಹತ್ತು ದಿನದಲ್ಲಿ ಮೊದಲ ಸಲ ಹೊಟ್ಟೆತುಂಬ ಉಣ್ಣುತ್ತಿದ್ದಾಳೆ ಎಂದು ತುಳಸಕ್ಕ ಅವಳ ತಟ್ಟೆಗೆ ಮತ್ತೆ ಅನ್ನ ಹಾಕಿದಳು. ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಕೇರಿ, ಗುಡ್ಡ, ನದಿ ಯಾವುದೂ ಕಾಣಲಿಲ್ಲ, ಎಲ್ಲಾ ಮಳೆ. ಶಾಲೆಯ ಜಗುಲಿ ಮಾತ್ರ ಕಂಡಿತು. ಅಲ್ಲಿದ್ದ ಜನರನ್ನು ನಾನು ಎಣಿಸಲಿಲ್ಲ.